ಸೋಮವಾರದ ಕತ್ತಿ

“ಕತ್ತಿ ನೋಡಿ ಅತ್ತಿಗೆ, ನನ್ನ ಮುಖ ಯಾಕೆ ನೋಡ್ತೀರಿ?”

ಮೈದುನ ಹಾಗೆಂದಾಗ ಹಲ್ಲಕ್ಕ ನಿಜಕ್ಕೂ ಅವನ ಮುಖವನ್ನೇ ನೋಡುತ್ತಿದ್ದಳು. ಅವಳ ಮೇಜಿನ ಮೇಲೆ, ಬಿಚ್ಚಿದ ಕರವಸ್ತ್ರದ ನಡುವೆ, ಹಳೆಯ ಕಾಲದ ಕ್ಷೌರದ ಮಡಿಚುಗತ್ತಿಯೊಂದು ಬಾಯಿ ಮುಚ್ಚಿಕೊಂಡು ಮಲಗಿತ್ತು. ಅದೆಲ್ಲಿಗೂ ಓಡಿಹೋಗುವುದಿಲ್ಲ, ನಿಧಾನಕ್ಕೆ ನೋಡಬಹುದು. ಮೈದುನನ ಮುಖ ಹಾಗಲ್ಲ. ಅಲ್ಲಿ ಸುಳ್ಳೊಂದು ಹಾದುಹೋದರೆ ಅರೆಗಳಿಗೆಯಲ್ಲಿ ಹಿಡಿಯಬೇಕು, ತಪ್ಪಿದರೆ ತಪ್ಪಿತು. ಮೇಲಾಗಿ ಈಗ ಒಂದು ವರ್ಷದಿಂದ ಗಡ್ಡ ಬೇರೆ ಬಿಟ್ಟಿದ್ದಾನೆ, ಸುಳ್ಳಿಗೆ ಅಡಗಿಕೊಳ್ಳಲು ಬೇಕಾದಷ್ಟು ಜಾಗ.

“ಎಲ್ಲಿ ಸಿಕ್ತು?”

“ಸಿಕ್ತು.”

“ಸಿಕ್ತಾ ಅಂತ ಕೇಳ್ಲಿಲ್ಲ ನಾನು. ಎಲ್ಲಿ ಅಂತ ಕೇಳ್ದೆ.”

“ಒಂದು ಮನೇಲಿ. ಹೆಸರು ಹೇಳ್ಬೇಡಿ ಅಂದಿದ್ದಾರೆ. ಮಾತು ಕೊಟ್ಟಿದೀನಿ.”

“ನೀನು? ಮಾತು?”

ಒಳಕೋಣೆಯಿಂದ ಯಜಮಾನರು ಕೆಮ್ಮಿದರು. ಹೆಂಡತಿಗೂ ತಮ್ಮನಿಗೂ ಮಾತು ಬೆಳೆದಾಗಲೆಲ್ಲ ಅವರು ಪೇಪರಿನ ಹಿಂದೆ ಕೂತು ಹೀಗೊಂದು ಕೆಮ್ಮು ಕೆಮ್ಮುತ್ತಿದ್ದರು. ಅದು ಯಾರ ಪರವೂ ಅಲ್ಲದ ಕೆಮ್ಮು. ಇಬ್ಬರೂ ತಮ್ಮ ಪರವೆಂದೇ ತಿಳಿದುಕೊಳ್ಳುತ್ತಿದ್ದರು, ಸಂಸಾರ ಸಾಗುತ್ತಿತ್ತು.

ಹಲ್ಲಕ್ಕನಿಗೆ ಆ ಹೆಸರು ಬಂದದ್ದು ಮೂವತ್ತು ವರ್ಷ ಕಟ್ಟುಹಲ್ಲು ಮಾಡಿದ್ದರಿಂದ. ಊರಿನ ಅರ್ಧ ಮುದುಕರು ಅವಳು ತಿಕ್ಕಿ ಹೊಳಪು ಕೊಟ್ಟ ಹಲ್ಲಿನಲ್ಲಿ ನಗುತ್ತಾರೆ. ಕೆಲಸ ಬಿಟ್ಟ ದಿನ ಕಾರ್ಖಾನೆಯವರು ಹಾರ ಹಾಕುತ್ತೇವೆ ಎಂದರು. ಹಾರ ಬೇಡ, ಆ ಹಳೇ ಪಾಲಿಶ್ ಮೋಟಾರು ಕೊಡಿ ಎಂದು ಕೇಳಿ ತಂದಳು. ಅದನ್ನು ಬಿಸಿಲು ಬೀಳುವ ಹಿಂಬದಿ ಕೋಣೆಯಲ್ಲಿ ಕೂರಿಸಿ, ತವರಿನಿಂದ ಬಂದಿದ್ದ ತುಕ್ಕು ಹಿಡಿದ ಕತ್ತಿಯೊಂದಕ್ಕೆ ಕೈ ಹಾಕಿದಳು. ಅದು ಹೊಳೆಯಿತು. ಇನ್ನೊಂದು ಬೇಕೆನಿಸಿತು. ಈಗ ಗಾಜಿನ ಬೀರುವಿನಲ್ಲಿ ತೊಂಬತ್ತಕ್ಕೂ ಮೇಲೆ ಇವೆ: ಕೊಂಬಿನ ಹಿಡಿಯವು, ಮೂಳೆಯ ಹಿಡಿಯವು, ಹಿಡಿ ಒಡೆದುಹೋಗಿ ಕಟ್ಟುಹಲ್ಲಿನ ವಸಡಿನ ಸಾಮಾನಿನಲ್ಲೇ ಅವಳು ಹೊಸ ಹಿಡಿ ಎರಕ ಹೊಯ್ದವು. ಆ ಗುಲಾಬಿ ಬಣ್ಣದ ಹಿಡಿಗಳನ್ನು ನೋಡಿದಾಗಲೆಲ್ಲ ಮೈದುನ, “ಅತ್ತಿಗೆ, ಇದು ಕೆನ್ನೆ ಹೆರೆಯತ್ತೋ, ಕಚ್ಚತ್ತೋ?” ಎಂದು ಕೇಳುತ್ತಿದ್ದ.

ಹಳೇ ಮನೆ, ಹಳೇ ಅಂಗಡಿ ಖಾಲಿ ಮಾಡುವವರ ಹತ್ತಿರ ಹೋಗಿ ಕತ್ತಿಗಳನ್ನು ಹುಡುಕಿ ತರುವುದು ಅವನ ಕೆಲಸ. ಅವುಗಳಿಗೆ ಜೀವ ಬರಿಸುವುದು ಅವಳ ಕೆಲಸ. ಮಾರುವಾಗ ಪ್ರತಿ ಕತ್ತಿಯ ಜೊತೆ ಅವಳ ಕೈಬರಹದ ಒಂದು ಚೀಟಿ ಹೋಗುತ್ತಿತ್ತು: ಯಾವುದು ಮೂಲ, ಯಾವುದು ರಿಪೇರಿ, ಎಲ್ಲಿ ಏನು ಮಾಡಿದೆ. ಸಂಗ್ರಹ ಮಾಡುವವರ ನಡುವೆ ಆ ಚೀಟಿಗೆ ಒಂದು ತೂಕವಿತ್ತು. ಹೋದ ವರ್ಷ ಮೈದುನ ಒಂದು ಹೊಸ ಅಲಗಿಗೆ ಹಳೇ ಹಿಡಿ ಹಾಕಿಸಿ, ಬೇರೆ ಕತ್ತಿಗೆ ಬರೆದಿದ್ದ ಅವಳ ಚೀಟಿಯನ್ನೇ ಅದಕ್ಕೆ ಸೇರಿಸಿ ದಾಟಿಸಿಬಿಟ್ಟ. ಕೊಂಡವರು ಸಾಮಾನ್ಯರಲ್ಲ. ಜೇಬಿನಲ್ಲಿ ಭೂತಗನ್ನಡಿ ಇಲ್ಲದೆ ಮನೆ ಹೊಸಿಲು ದಾಟದ ಮನುಷ್ಯ, ಹಾಗಾಗಿ ಅವರ ಹೆಸರೇ ಭೂತಗನ್ನಡಿ. ಹಲ್ಲಕ್ಕ ತಾನೇ ಹೋಗಿ ಆ ಕತ್ತಿ ವಾಪಸು ತಂದಳು, ಅವರ ಮುಂದೆ ಕೈಮುಗಿದು ನಿಂತಳು. ಮನೆಗೆ ಬಂದು ಮೈದುನನಿಗೆ ಒಂದೇ ಮಾತು ಹೇಳಿದಳು: “ಇನ್ನೊಂದ್ಸಲ ಹೀಗಾದ್ರೆ ಮೇಲಿನ ಕೋಣೆ ಖಾಲಿ ಮಾಡು. ನಿಮ್ಮಣ್ಣ ಕೆಮ್ಮಿದ್ರೂ ನಾನು ಕೇಳೋಳಲ್ಲ.” ಅಂದಿನಿಂದ ಅವನು ಗಡ್ಡ ಬಿಟ್ಟ. ಅದಕ್ಕೂ ಕಾರಣವಿತ್ತು, ಮುಂದೆ ಬರುತ್ತದೆ.

ಈಗ ತಂದಿದ್ದ ಕತ್ತಿಯ ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ‘ಸೋಮವಾರ’ ಎಂದಿತ್ತು.

ಹಲ್ಲಕ್ಕನ ಬೀರುವಿನ ಮೇಲಿನ ಅರೆಯಲ್ಲಿ ಕತ್ತಿ ಕೂರಿಸಲು ಕೊರೆದ ಏಳು ಗುಂಡಿಗಳಿರುವ ಮರದ ಪೆಟ್ಟಿಗೆಯೊಂದಿತ್ತು. ಹಿಂದೆಲ್ಲ ಒಳ್ಳೆಯ ಕ್ಷೌರಿಕರು ವಾರಕ್ಕೆ ಏಳು ಕತ್ತಿಗಳ ಸೆಟ್ಟು ಇಟ್ಟುಕೊಳ್ಳುತ್ತಿದ್ದರು. ಒಂದೊಂದಕ್ಕೆ ಒಂದೊಂದು ವಾರದ ಹೆಸರು. ಒಂದು ದಿನ ದುಡಿದ ಅಲಗಿಗೆ ಆರು ದಿನ ವಿಶ್ರಾಂತಿ. ನಾಲ್ಕು ದಾರಿ ಸೇರುವಲ್ಲಿ ಅಂಗಡಿ ಇಟ್ಟಿದ್ದ ಹಿರಿಯ ಕ್ಷೌರಿಕರು ತೀರಿಕೊಂಡ ಮೇಲೆ ಅವರ ತಮ್ಮನ ಮಗ ಅಂಗಡಿ ಖಾಲಿ ಮಾಡಿದಾಗ ಈ ಪೆಟ್ಟಿಗೆ ಅವಳಿಗೆ ಸಿಕ್ಕಿತ್ತು. ಒಳಗೆ ಆರೇ ಇದ್ದವು. ಸೋಮವಾರದ ಗುಂಡಿ ಖಾಲಿ. ಎರಡು ವರ್ಷ ಹುಡುಕಿದರೂ ಅದರ ಸುಳಿವಿರಲಿಲ್ಲ. ಏಳೂ ಇದ್ದರೆ ನಾನು ತೊಗೋತೀನಿ ಎಂದು ಭೂತಗನ್ನಡಿ ಹೇಳಿ, ಶುಕ್ರವಾರ ನಾಲ್ಕು ಗಂಟೆಗೆ ಇನ್ನೊಂದು ಸಲ ಆರನ್ನೂ ನೋಡಲು ಬರುತ್ತೇನೆಂದಿದ್ದರು. ಇವತ್ತು ಮಂಗಳವಾರ. ಇವತ್ತೇ ಏಳನೆಯದು ಕರವಸ್ತ್ರದಲ್ಲಿ ಮಡಿಚಿಕೊಂಡು ಬಂದು ಕೂತಿದೆ!

“ಎಷ್ಟು ಒಳ್ಳೇ ಕಾಲಕ್ಕೆ ಬಂತಲ್ಲಪ್ಪ,” ಎಂದಳು ಹಲ್ಲಕ್ಕ.

“ನೀವು ಹೊಗಳ್ತಿದೀರಾ, ಬಯ್ತಿದೀರಾ?”

“ಶುಕ್ರವಾರ ಹೇಳ್ತೀನಿ.”

*

ಬುಧವಾರ ಅವಳು ಕತ್ತಿಯನ್ನು ಬಿಚ್ಚಿದಳು. ಮೊಳೆ ತೆಗೆದು ಹಿಡಿ ಬೇರೆ, ಅಲಗು ಬೇರೆ ಮಾಡಿ, ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ಸಂದಿಗಳನ್ನೆಲ್ಲ ಕೆದಕಿ ಬಿಳಿ ಕಾಗದದ ಮೇಲೆ ಉದುರಿಸಿದಳು. ಕ್ಷೌರದ ಕತ್ತಿಯ ಹಿಡಿಯೊಳಗೆ ಏನಿರುತ್ತದೆ ಎಂದು ಅವಳನ್ನು ಕೇಳಿ. ಒಣಗಿದ ಸಾಬೂನು, ಕೂದಲಿನ ಪುಡಿ, ಎಣ್ಣೆಯ ಕಿಟ್ಟ. ಉಳಿದ ಆರರಲ್ಲೂ ಅದೇ ಸಿಕ್ಕಿತ್ತು. ಇದರಲ್ಲಿ ಸಾಬೂನಿನ ವಾಸನೆಯೂ ಇಲ್ಲ. ಉದುರಿದ್ದು ಹತ್ತಿ ನೂಲಿನ ನವಿರಾದ ಚೂರುಗಳು, ಬಿಳಿ, ನೀಲಿ, ಒಂದೆರಡು ಕೆಂಪು.

ಹತ್ತಿ ಎಲ್ಲಿಂದ ಬರುತ್ತದೆ? ಅವಳ ಕಣ್ಣು ತನ್ನ ಮೋಟಾರಿನ ಕಡೆ ತಿರುಗಿತು. ಹೊಳಪು ಕೊಡುವ ಬಟ್ಟೆಯ ಚಕ್ರದಿಂದ ಬರುತ್ತದೆ. ಯಾರೋ ಇದನ್ನು ಈಚೆಗೆ ಚಕ್ರಕ್ಕೆ ಹಿಡಿದಿದ್ದಾರೆ.

ಚೂರುಗಳನ್ನು ಒಂದು ಪೊಟ್ಟಣ ಕಟ್ಟಿ ಡ್ರಾಯರಿನಲ್ಲಿಟ್ಟಳು. ಕಳ್ಳನ ಕೂದಲು ಎತ್ತಿಟ್ಟ ಪೊಲೀಸನಂತೆ ಅವಳಿಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಆಮೇಲೆ ಅಲಗು. ಅದರ ಬುಡ ಹೊಸದರಂತೆ ತುಂಬಿಕೊಂಡಿತ್ತು. ತುದಿ ಮಾತ್ರ, ಒಂದು ಉಗುರಿನಷ್ಟು ಅಗಲ, ಒಳಕ್ಕೆ ಬಾಗಿ ಸವೆದಿತ್ತು. ಗಡ್ಡ ಹೆರೆದರೆ ಅಲಗು ಹಾಗೆ ಸವೆಯುವುದಿಲ್ಲ. ಉದ್ದಕ್ಕೂ ಸಮನಾಗಿ ಸವೆಯುತ್ತದೆ, ಆರೂ ಕತ್ತಿಗಳು ಹಾಗೇ ಸವೆದಿವೆ. ಅದಕ್ಕಿಂತ ದೊಡ್ಡ ಮಾತೊಂದು ಅವಳ ತಲೆಯ ಮೇಲೇ ತೂಗುತ್ತಿತ್ತು. ಪೆಟ್ಟಿಗೆಯ ಜೊತೆ ಆ ಕ್ಷೌರಿಕರ ತಮ್ಮನ ಮಗ ಪುಕ್ಕಟೆಯಾಗಿ ಕೊಟ್ಟಿದ್ದ ತಗಡಿನ ಬೋರ್ಡನ್ನು ಅವಳು ಮೇಜಿನ ಮೇಲಿನ ಗೋಡೆಗೆ ಹೊಡೆದಿದ್ದಳು. ಅದರಲ್ಲಿ ಬರೆದದ್ದು ಎರಡೇ ಪದ: ಸೋಮವಾರ ರಜೆ.

ಸೋಮವಾರ ಅಂಗಡಿ ಮುಚ್ಚುತ್ತಿದ್ದರೆ ಸೋಮವಾರದ ಕತ್ತಿ ಸವೆಯುವುದು ಹೇಗೆ? ಅದು ಮದುವಣಗಿತ್ತಿಯಂತೆ ಇರಬೇಕು. ಇದು ನೋಡಿದರೆ ಮುಂದಿನ ಹಲ್ಲು ಸವೆದ ಅಜ್ಜಿಯಂತಿದೆ. ಯಾವುದೋ ಕತ್ತಿಗೆ ಹಳತೆನಿಸಲು ತುದಿ ಉಜ್ಜಿ, ಬೆನ್ನಿಗೆ ಆಸಿಡ್ ಹಾಕಿ ಅಕ್ಷರ ಕೊರೆಸಿ ತಂದಿದ್ದಾನೆ. ಬೋರ್ಡು ಓದಲು ಮಾತ್ರ ಮರೆತಿದ್ದಾನೆ, ಕತ್ತೆ.

ಅಂದು ಸಂಜೆ ಅವನು ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಪಿಸುಗುಡುವುದು ಕೇಳಿಸಿತು. “ಇಲ್ಲಮ್ಮ, ಹೇಳಿಲ್ಲ... ಹೇಳಲ್ಲ... ಅತ್ತಿಗೇಗಾ? ಅಯ್ಯೋ, ಅವರಿಗಂತೂ ಇಲ್ಲವೇ ಇಲ್ಲ.” ಊಟಕ್ಕೆ ಬಂದಾಗ ಅವನ ಅಂಗಿಯ ತೋಳಿಗೆ ಒಂದು ನೀಲಿ ದಾರದ ಎಳೆ ಅಂಟಿಕೊಂಡಿತ್ತು. ಹಲ್ಲಕ್ಕ ಬಡಿಸುತ್ತ ಅದನ್ನೇ ನೋಡಿದಳು. ಎಲ್ಲೋ ಇವನದೇ ಒಂದು ಚಕ್ರ ತಿರುಗುತ್ತಿದೆ.

“ಏನತ್ತಿಗೆ, ಅಂಗಿ ಚೆನ್ನಾಗಿದೆಯಾ?”

“ಅಂಗಿ ಚೆನ್ನಾಗಿದೆ,” ಎಂದಳು. ಯಜಮಾನರು ಕೆಮ್ಮಿದರು.

*

ಗುರುವಾರವೆಲ್ಲ ಸಾಣೆಕಲ್ಲಿನ ಮೇಲೆ ಹೋಯಿತು. ಖೋಟಾ ಆದರೇನು, ಕೈಗೆ ಬಂದ ಅಲಗನ್ನು ಮೊಂಡಾಗಿ ವಾಪಸು ಕಳಿಸಿ ಅವಳಿಗೆ ಅಭ್ಯಾಸವಿಲ್ಲ. ನೀರು ಹನಿಸಿ ಒಂದು ಕಲ್ಲು, ಅದಕ್ಕಿಂತ ನುಣುಪಾದ ಇನ್ನೊಂದು, ಕೊನೆಗೆ ಕಿಟಕಿಯ ಸರಳಿಗೆ ಕಟ್ಟಿದ ಚರ್ಮದ ಪಟ್ಟಿ. ಅಲಗು ಚೆನ್ನಾಗಿ ಮಾತು ಕೇಳಿತು. ಉಕ್ಕು ಒಳ್ಳೆಯದು, ಉಳಿದ ಆರರ ಉಕ್ಕಿನಂತೆಯೇ ಕಲ್ಲಿನ ಮೇಲೆ ಸದ್ದು ಮಾಡುತ್ತಿತ್ತು. ಆ ಸದ್ದು ಅವಳಿಗೆ ಕೇಳಿಸಲಿಲ್ಲವೆಂದಲ್ಲ. ಕೇಳಿಸಿತು, ಅವಳು ಅದಕ್ಕೆ ಕಿವಿಗೊಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಉಳಿದದ್ದು ಅಕ್ಷರ.

ಕತ್ತಿ ರಿಪೇರಿಯವರಲ್ಲಿ ಒಂದು ಕಟ್ಟುಪಾಡಿದೆ: ಅಕ್ಷರದ ಮೇಲೆ ಹೊಳಪು ಹಾಕಬಾರದು. ಎಂಥ ತುಕ್ಕಿದ್ದರೂ ಸುತ್ತ ಬಳಸಿ ಹೋಗಬೇಕು. ಹೆಸರು ಹೋದ ಕತ್ತಿ ಬರೀ ಕಬ್ಬಿಣ. ಇದನ್ನು ಎಷ್ಟು ಜನಕ್ಕೆ ಹಲ್ಲಕ್ಕನೇ ಹೇಳಿಕೊಟ್ಟಿಲ್ಲ! ಆದರೆ ಅವಳ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿತ್ತು. ನಿನ್ನೆ ಮೊನ್ನೆ ಕೊರೆಸಿದ ಅಕ್ಷರ ಮೇಲುಮೇಲಿನದು, ತಿಕ್ಕಿದರೆ ಹೋಗುತ್ತದೆ. ಹಳೆಯದು ಆಳದ್ದು, ನಿಲ್ಲುತ್ತದೆ. ತಿಕ್ಕಿ ನೋಡಿದರೆ ತಿಳಿಯಿತಲ್ಲ?

ಬೆರಳ ತುದಿಗೆ ಹೊಳಪಿನ ಪುಡಿ ಅಂಟಿಸಿಕೊಂಡು ಮೂರು ಸಲ ತಿಕ್ಕಿದಳು. ಅಕ್ಷರ ಕೊಂಚ ಮಂಕಾಯಿತು. ಎದೆ ಡವಗುಟ್ಟಿತು, ಹೆದರಿಕೆಯಿಂದಲ್ಲ, ಸಿಕ್ಕಿಬಿದ್ದ ಎಂಬ ಖುಷಿಯಿಂದ. ಮೋಟಾರು ಹಾಕಿದಳು. ಚಕ್ರಕ್ಕೆ ಒಂದು ಸಲ ಮುಟ್ಟಿಸಿ ನೋಡಿದಳು. ಇನ್ನೊಂದು ಸಲ. ಅಕ್ಷರ ಹೋಗಲಿ, ಹೋಗಲಿ ಎಂದು ಅವಳ ಮನಸ್ಸು ಬೇಡಿಕೊಳ್ಳುತ್ತಿತ್ತು. ಹೋಯಿತು.

“ಲೋ! ಬಾರೋ ಇಲ್ಲಿ!”

ಮೈದುನ ಮೇಲಿನ ಕೋಣೆಯಿಂದ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದ. ಅವಳು ಕತ್ತಿಯ ಬೋಳು ಬೆನ್ನನ್ನು ಅವನ ಮೂಗಿನ ಮುಂದೆ ಹಿಡಿದಳು.

“ನಿನ್ನ ಸೋಮವಾರ ಎಲ್ಲೋ?”

ಅವನು ಕತ್ತಿ ನೋಡಿದ, ಅವಳನ್ನು ನೋಡಿದ. “ಅತ್ತಿಗೆ... ಏನ್ಮಾಡಿದ್ರಿ?”

“ನಾನೇನೂ ಮಾಡ್ಲಿಲ್ಲ. ಉಜ್ಜಿದೆ, ಹೋಯ್ತು. ನಿಜವಾದ್ದಾಗಿದ್ರೆ ಹೋಗ್ತಿತ್ತಾ? ಹಿಡಿಯೊಳಗೆ ಚಕ್ರದ ಹತ್ತಿ. ತುದೀಲಿ ಸುಳ್ಳು ಸವೆತ. ತಲೆ ಎತ್ತಿ ಆ ಬೋರ್ಡು ಓದು. ಯಾರ ಗಡ್ಡ ಹೆರೆದ್ರಂತೆ ಸೋಮವಾರ? ಅವರಪ್ಪಂದಾ?”

“ಖೋಟಾ ಅಂತೀರಾ?”

“ಕೋಣೆ ಖಾಲಿ ಮಾಡು ಅಂತೀನಿ.”

ಮೈದುನ ಯಾವಾಗಲೂ ಇಂಥ ಹೊತ್ತಿನಲ್ಲಿ ಹತ್ತು ಮಾತಾಡುವವನು. ಆಣೆ ಇಡುವವನು, ನಗಿಸುವವನು, ಅಣ್ಣನನ್ನು ಕರೆಯುವವನು. ಈ ಸಲ ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ಹೊರಟುಹೋದ. ಅದು ಅವಳಿಗೆ ಒಗ್ಗಲಿಲ್ಲ. ಕೆಮ್ಮು ಬರಲಿ ಎಂದು ಕಾದಳು. ಒಳಕೋಣೆಯಿಂದ ಕೆಮ್ಮೂ ಬರಲಿಲ್ಲ.

“ರೀ, ಕೇಳಿಸ್ತಾ?” ಎಂದು ತಾನೇ ಕೂಗಿದಳು.

“ಕೇಳಿಸ್ತು.”

“ಮತ್ತೆ?”

“ಈ ಸಲ ಅವನು ಆಣೆ ಇಡ್ಲಿಲ್ಲ ನೋಡು,” ಎಂದರು ಯಜಮಾನರು ಪೇಪರು ಮಡಿಚುತ್ತ.

*

ಮೂರು ಗಂಟೆಗೆ ಅವನು ಬಂದಾಗ ಜೊತೆಗೆ ಒಬ್ಬ ಹೆಂಗಸಿದ್ದಳು. ಐವತ್ತರ ಆಜುಬಾಜು, ಕೊರಳಲ್ಲಿ ಅಳತೆಯ ಟೇಪು, ಹೆಬ್ಬೆರಳಿಗೆ ಬಟ್ಟೆಯ ಕಟ್ಟು. ಹಿಂದಿನ ಬೀದಿಯ ಟೈಲರಮ್ಮ. ಹಲ್ಲಕ್ಕ ಒಂದೆರಡು ಸಲ ರವಿಕೆ ಹೊಲಿಸಿದ್ದಳು, ತೋಳು ಬಿಗಿಯಾಗಿತ್ತೆಂದು ಬಿಟ್ಟಿದ್ದಳು.

“ನೀವೇನಾ ಅಕ್ಕ, ನಮ್ಮಪ್ಪನ ಕತ್ತಿ ಖೋಟಾ ಅಂದಿದ್ದು?” ಟೈಲರಮ್ಮ ಕೂರುವ ಮೊದಲೇ ಶುರುಮಾಡಿದಳು. “ಮಷೀನ್ ನಿಲ್ಲಿಸಿ ಬಂದಿದೀನಿ. ಒಂದು ಕೋಟು ಅರ್ಧಕ್ಕೆ ಬಾಯಿ ಬಿಟ್ಕೊಂಡು ಕೂತಿದೆ.”

“ನಿಮ್ಮಪ್ಪನ?”

“ನಾಲ್ಕು ದಾರಿ ಅಂಗಡಿಯವರು. ನಾನವರ ಮಗಳು. ಅಂಗಡಿ ಸಾಮಾನೆಲ್ಲ ತನಗೇ ಸೇರ್ಬೇಕು ಅಂತ ನಮ್ಮ ಚಿಕ್ಕಪ್ಪನ ಮಗ ಕುಣಿದ. ಇದೊಂದು ನನ್ನ ಹತ್ರ ಇದೆ ಅಂತ ಗೊತ್ತಾದ್ರೆ ಅವನು ಬಾಗಿಲಲ್ಲಿ ಬಂದು ಕೂರ್ತಾನೆ. ಅದಕ್ಕೇ ಇವರಿಗೆ ಯಾರಿಗೂ ಹೇಳ್ಬೇಡಿ ಅಂದೆ. ಪಾಪ, ಇವರು ಹೇಳೇ ಇಲ್ಲ. ಈ ಕಾಲದಲ್ಲಿ ಯಾರು ಹೀಗಿರ್ತಾರೆ?”

ಮೈದುನ ಗಡ್ಡ ಕೆರೆದುಕೊಂಡು ಕಿಟಕಿ ನೋಡಿದ.

“ಅಂಗಡಿ ಸೋಮವಾರ ರಜ ಅಲ್ವಾ?” ಹಲ್ಲಕ್ಕ ಬಿಡಲಿಲ್ಲ. “ಮತ್ತೆ ಈ ಕತ್ತಿ ಹೇಗೆ ಸವೀತು?”

“ರಜ ಅಂತಾನೇ ನನಗೆ ಕೊಟ್ಟಿದ್ದು! ನಾನು ಹೊಲಿಗೆ ಕಲಿಯೋಕೆ ಹೋದಾಗ ಹೊಲಿಗೆ ಬಿಚ್ಚೋಕೆ ಒಂದು ಕತ್ತಿ ಬೇಕು ಅಂದೆ. ‘ಸೋಮವಾರದ್ದು ತೊಗೋ, ಅದು ಸುಮ್ನೆ ಕೂತು ತಿನ್ನತ್ತೆ’ ಅಂದ್ರು. ಮೂವತ್ತೈದು ವರ್ಷ ಇದರಲ್ಲೇ ಬಿಚ್ಚಿದೀನಿ. ಉಳಿದ ಆರರ ಜೊತೆ ಸೇರ್ಲಿ ಅಂತ ಇದನ್ನ ಇವರಿಗೆ ಕೊಟ್ಟು ಹೊಸದೊಂದು ತೊಗೊಂಡೆ, ಮೊದಲನೇ ದಿನಾನೇ ಹೆಬ್ಬೆರಳು ಹೋಯ್ತು. ತನ್ನಿ ಇಲ್ಲಿ.”

ಅವಳು ಮೇಜಿನ ಮೇಲಿದ್ದ ಕತ್ತಿಯನ್ನೆತ್ತಿ, ಯಾರೂ ಕ್ಷೌರದ ಕತ್ತಿ ಹಿಡಿದದ್ದನ್ನು ಹಲ್ಲಕ್ಕ ಎಂದೂ ಕಂಡಿರದ ರೀತಿಯಲ್ಲಿ ಹಿಡಿದಳು. ಹಿಡಿ ಪೂರ್ತಿ ಹಿಂದಕ್ಕೆ, ತೋರುಬೆರಳು ಬೆನ್ನಿನ ತುದಿಗೆ, ಪೆನ್ಸಿಲ್ಲಿನಂತೆ. ತನ್ನದೇ ಸೆರಗಿನ ಅಂಚಿನಲ್ಲಿ ಹೆಚ್ಚಾಗಿದ್ದ ಮಡಿಕೆಯೊಂದರ ಹೊಲಿಗೆಗೆ ಅದರ ತುದಿ ಸಿಕ್ಕಿಸಿ ಎರಡು ಸಲ ಸುಯ್ ಎಂದು ಎಳೆದಳು. ಹೊಲಿಗೆ ಬಿಚ್ಚಿಕೊಂಡಿತು. ಸವೆದ ಬಾಗು ದಾರವನ್ನು ಹಿಡಿದು ಸರಿಯಾಗಿ ಅದರ ಮೇಲೇ ಕೂತಿತ್ತು. ಕತ್ತರಿಸಿದ ನೂಲಿನ ನವಿರು ಚೂರುಗಳು ಹಿಡಿಯ ಸಂದಿಗೆ ಉದುರಿದವು, ಬಿಳಿ, ನೀಲಿ.

ಕತ್ತಿ ಎಂದ ಕೂಡಲೇ ಹಲ್ಲಕ್ಕ ಕೆನ್ನೆಯನ್ನೇ ಯೋಚಿಸಿದ್ದಳು. ಪ್ರಪಂಚದಲ್ಲಿ ಹೆರೆಯುವುದಲ್ಲದೆ ಬಿಚ್ಚುವುದೂ ಒಂದಿದೆ ಎಂದು ಹೊಳೆದಿರಲೇ ಇಲ್ಲ. ಡ್ರಾಯರಿನಲ್ಲಿದ್ದ ಪೊಟ್ಟಣ ನೆನಪಾಗಿ ಕಿವಿ ಬಿಸಿಯಾಯಿತು.

ಟೈಲರಮ್ಮ ಕತ್ತಿಯನ್ನು ಬೆಳಕಿಗೆ ತಿರುಗಿಸಿದಳು. “ಎಷ್ಟು ಚೂಪು ಮಾಡಿದೀರಿ ಅಕ್ಕ... ಅಲ್ಲ, ಇಲ್ಲಿ ಸೋಮವಾರ ಅಂತಿತ್ತಲ್ಲ? ಬೆರಳಿಗೆ ತಗಲ್ತಿತ್ತು. ಅದೆಲ್ಲಿ ಹೋಯ್ತು?”

ಹಲ್ಲಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಬೆರಳಿಟ್ಟು ಇಟ್ಟು ನೀವೇ ಅರ್ಧ ಸವೆಸಿದ್ರಿ ಅನ್ಸತ್ತೆ,” ಎಂದ ಮೈದುನ ಮೆಲ್ಲಗೆ. “ಹಳೇ ಅಕ್ಷರ. ಹೋಗತ್ತೆ.”

“ಮೂವತ್ತೈದು ವರ್ಷ ಹೋಗದ್ದು ಮೂರು ದಿನಕ್ಕೆ ಹೋಯ್ತಾ?” ಎಂದಳು ಟೈಲರಮ್ಮ. ಆಮೇಲೆ ಹಲ್ಲಕ್ಕನ ಮುಖ ನೋಡಿ ಮುಂದೆ ಕೇಳಲಿಲ್ಲ. ಕತ್ತಿಯನ್ನು ಮೆತ್ತಗೆ ಕೆಳಗಿಟ್ಟು, ಟೇಪು ಸರಿಮಾಡಿಕೊಂಡಳು. “ನನಗೆ ಹೊಲಿಗೆ ಬಿಚ್ಚೋಕೆ ಇನ್ನೊಂದು ಹಳೇ ಕತ್ತಿ ನೋಡಿ ಕೊಡಿ ಅಕ್ಕ. ಈ ಹೊಸದೆಲ್ಲ ಬರೀ ಕಚ್ಚತ್ತೆ.”

*

ಅವಳು ಹೋದ ಮೇಲೆ ಹಲ್ಲಕ್ಕ ಮೊದಲು ಮಾಡಿದ್ದು ಕತ್ತಿಯನ್ನು ಪೆಟ್ಟಿಗೆಯ ಖಾಲಿ ಗುಂಡಿಗೆ ಇಟ್ಟದ್ದು. ಕೂತಿತು. ಇದನ್ನೇ ಮಂಗಳವಾರ ಮಾಡಬಹುದಿತ್ತು. ಯಾವ ಕತ್ತಿಯಾದರೂ ಕೂರುತ್ತದೆ, ಅದೇನು ಸಾಕ್ಷಿ ಎಂದು ಮಾಡಿರಲಿಲ್ಲ. ಈಗ ಬೆಳಕಿನಲ್ಲಿ ಏಳನ್ನೂ ಸಾಲಾಗಿ ನೋಡಿದರೆ, ಒಂದೇ ತಾಯಿಯ ಮಕ್ಕಳೆಂದು ಯಾರಾದರೂ ಹೇಳುತ್ತಿದ್ದರು. ಆರಕ್ಕೆ ಹೆಸರಿತ್ತು.

ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಮೈದುನ ಬಾಗಿಲಿಗೆ ಒರಗಿ ನಿಂತಿದ್ದ. ಗೆದ್ದವನ ಹಾಗೆ ನಿಂತಿರಲಿಲ್ಲ, ಅದು ಅವಳಿಗೆ ಇನ್ನೂ ಕಷ್ಟವಾಯಿತು.

“ಅತ್ತಿಗೆ, ಬಂದಾಗಲೇ ಹಾಗಿತ್ತು ಅಂದ್ಬಿಡಿ. ಅವಳ ಬೆರಳಲ್ಲಿ ಸವೆದೋಯ್ತು ಅಂತ. ಭೂತಗನ್ನಡಿ ಕೇಳಿದ್ರೆ ನಾನು ಹೂಂ ಅಂತೀನಿ. ಸುಳ್ಳು ಹೇಳೋದು ನನಗೇನು ಹೊಸದಾ?”

ಅವಳು ಚೀಟಿ ಎಳೆದುಕೊಂಡಳು. ಒಂದು ಗಳಿಗೆ ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ಅವನು ಹೇಳಿದ್ದು ನಂಬುವ ಹಾಗಿತ್ತು, ಅದೇ ಅದರ ತೊಂದರೆ. ಒಂದು ವರ್ಷ ಅವನನ್ನು ದೂರವಿಟ್ಟದ್ದು ಇಂಥದೇ ನಂಬುವ ಹಾಗಿನ ಒಂದು ಚೀಟಿಗೆ. ಕೊನೆಗೆ ಬರೆದಳು: ‘ಅಲಗು, ಹಿಡಿ, ಮೊಳೆ ಮೂಲ. ತುದಿಯ ಸವೆತ ಹೊಲಿಗೆ ಬಿಚ್ಚಿದ್ದರಿಂದ. ಬೆನ್ನಿನ ಮೇಲೆ ಸೋಮವಾರ ಎಂದಿತ್ತು. ಖೋಟಾ ಎಂದು ಅನುಮಾನಿಸಿ ನಾನೇ ಉಜ್ಜಿ ಅಳಿಸಿದೆ. ಅನುಮಾನ ತಪ್ಪು.’ ಕೆಳಗೆ ರುಜು ಹಾಕಿದಳು.

ಮೈದುನ ಹೆಗಲ ಮೇಲಿಂದ ಬಗ್ಗಿ ಓದಿದ. “ಈ ಚೀಟಿ ನೋಡಿದ್ರೆ ಅವರು ತೊಗೋಳ್ಳೋದಿಲ್ಲ ಅತ್ತಿಗೆ.”

“ತೊಗೋಳ್ಳದಿದ್ರೆ ಬೀರುವಿಗೆ ಭಾರವೇನಿಲ್ಲ. ನಿನ್ನ ಬ್ಯಾಗು ಕಟ್ಟಿದೀಯಾ?”

“ಅರ್ಧ.”

“ಬಿಚ್ಚು. ಇವತ್ತೆಲ್ಲ ಬಿಚ್ಚೋ ದಿನ.”

ಚೀಟಿಯಲ್ಲಿ ಇನ್ನೊಂದು ಸಾಲು ಖಾಲಿಯಿತ್ತು. ‘ಕೆನ್ನೆ ಮುಟ್ಟಿದೆ’ ಎಂಬ ಸಾಲು. ಮನುಷ್ಯರ ಮುಖದ ಮೇಲೆ ಹಾಯದ ಕತ್ತಿ ರಿಪೇರಿಯಾದ ಹಾಗಲ್ಲ ಎಂಬುದು ಹಲ್ಲಕ್ಕನದೇ ನೇಮ. ಯಜಮಾನರಿಗೆ ಮೊದಲಿಂದಲೂ ಎದೆಯುದ್ದ ಗಡ್ಡ, ಅದಕ್ಕೆ ಕೈ ಹಾಕುವಂತಿಲ್ಲ. ಹಾಗಾಗಿ ವರ್ಷಗಟ್ಟಲೆ ಪರೀಕ್ಷೆಯ ಕೆನ್ನೆ ಮೈದುನನದೇ. ಜಗಳವಾದ ದಿನದಿಂದ ಅವಳು ಅವನನ್ನು ಕರೆಯಲಿಲ್ಲ, ಅವನು ಕೂರಲಿಲ್ಲ. ಗಡ್ಡ ಬೆಳೆಯಿತು, ಚೀಟಿಯ ಸಾಲು ಖಾಲಿಯಾಗೇ ಉಳಿಯಿತು. ಭೂತಗನ್ನಡಿ ಎರಡು ಸಲ ಅದನ್ನು ಬೆರಳಿಟ್ಟು ತೋರಿಸಿ, “ಇದ್ಯಾಕಮ್ಮ ಖಾಲಿ?” ಎಂದು ಕೇಳಿದ್ದರು.

ಅವಳು ಬಟ್ಟಲಿಗೆ ಬಿಸಿನೀರು ಸುರಿದು, ಸಾಬೂನು ಕಲಸತೊಡಗಿದಳು. ಮೈದುನ ಬಟ್ಟಲು ನೋಡಿದ, ಕತ್ತಿ ನೋಡಿದ, ಕೊನೆಗೆ ಅವಳ ಮುಖವನ್ನು ಚೆನ್ನಾಗಿ ನೋಡಿದ.

“ಕತ್ತಿ ನೋಡೋ, ನನ್ನ ಮುಖ ಯಾಕೆ ನೋಡ್ತೀಯ?” ಎಂದಳು.

“ಬೆಳಿಗ್ಗೆ ನನ್ನನ್ನ ಮನೆಯಿಂದ ಹೊರಗೆ ಹಾಕ್ತಿದ್ದೋರು ನೀವು. ಈಗ ಕುತ್ತಿಗೆ ಕೊಡು ಅಂತೀರಿ. ಅನುಮಾನ ಬರಲ್ವಾ ಮನುಷ್ಯನಿಗೆ?”

“ಬರಲಿ. ಬಂದ್ರೂ ಕೂತ್ಕೋ.”

ಅವನು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತ. ಟವೆಲ್ಲನ್ನು ತಾನೇ ಕೊರಳಿಗೆ ಸುತ್ತಿಕೊಂಡು, ಕಣ್ಣು ಮುಚ್ಚಿ, ಗದ್ದ ಮೇಲೆತ್ತಿದ. ಹಲ್ಲಕ್ಕ ಕತ್ತರಿಯಿಂದ ಗಡ್ಡ ತಗ್ಗಿಸಿ, ನೊರೆ ಹಚ್ಚಿ, ಕತ್ತಿಯ ತುದಿಯ ಬಾಗನ್ನು ತಪ್ಪಿಸಿ, ಸವೆಯದ ಬುಡದ ಭಾಗವನ್ನು ಕಿವಿಯ ಕೆಳಗೆ ಇಟ್ಟಳು. ಒಂದು ವರ್ಷದ ಗಡ್ಡದೊಳಗಿಂದ ಬಿಳಿಚಿದ ಕೆನ್ನೆಯ ಪಟ್ಟೆಯೊಂದು ಹೊರಬಂತು.

ಹೊರಗೆ ಬಾಗಿಲ ಗಂಟೆ ಬಾರಿಸಿತು. ನಾಲ್ಕಕ್ಕೆ ಇನ್ನೂ ಐದು ನಿಮಿಷವಿತ್ತು. ಕತ್ತಿ ಅವನ ಗಂಟಲ ಹತ್ತಿರವಿತ್ತು. ಅವನು ಅಲುಗಲಿಲ್ಲ, ಅವಳೂ ನಿಲ್ಲಿಸಲಿಲ್ಲ. ಗಂಟೆ ಇನ್ನೊಂದು ಸಲ ಬಾರಿಸಿತು. ಒಳಕೋಣೆಯಲ್ಲಿ ಯಜಮಾನರು ಒಮ್ಮೆ ಕೆಮ್ಮಿ, ಪೇಪರು ಕೆಳಗಿಟ್ಟು, ಬಾಗಿಲು ತೆರೆಯಲು ಎದ್ದರು.